ಸಂತ ಜೋಸೆಫ್ ವಾಜ್: ನಮ್ಮ ಹಿರಿಯರ ವಲಸೆಯ ಹಾದಿಯಲ್ಲಿ ನಡೆದ ಗುರು

ಋಷಿಮೂಲ, ನದಿಮೂಲ ಹುಡುಕಬಾರದೆಂಬ ಮಾತು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದಲೂ ರೂಢಿಯಲ್ಲಿದೆ. ಆದರೆ ಭದ್ರಾ ನದಿಯ ದಡದಲ್ಲಿ ನೆಲೆಸಿರುವ ನಮಗೆ ಆ ನದಿಯ ಮೂಲ ಗೊತ್ತಿದೆ. ಅದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕಾಡುಮೇಡುಗಳನ್ನು ದಾಟಿ ನಮ್ಮೂರಿಗೆ ಹರಿದು ಬರುತ್ತದೆ. ನಮ್ಮ ಮನೆತನಗಳ ಮೂಲವನ್ನು ಹೇಳುವುದು ಮಾತ್ರ ಅಷ್ಟು ಸುಲಭವಲ್ಲ. ಒಂದು ಕಾಲದಲ್ಲಿ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಈ ಊರಿನಲ್ಲಿ 1918ರಲ್ಲಿ ಮೈಸೂರು ಸರಕಾರದ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, 1923ರಲ್ಲಿ ಕುಲುಮೆ ಉರಿಯತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಗೊಂಡಿತು. ಅನ್ನವನ್ನು ಅರಸಿ ಬಂದವರಲ್ಲಿ ಕರಾವಳಿಯ ಕೊಂಕಣಿ ಕುಟುಂಬಗಳಿದ್ದವು. ತಮಿಳು, ಮಲಯಾಳ, ತೆಲುಗು ಮಾತನಾಡುವ ಕುಟುಂಬಗಳಿದ್ದವು. ಬಯಲುಸೀಮೆಯ ಕನ್ನಡದ ಮನೆಗಳಿದ್ದವು. ಓಲ್ಡ್ ಟೌನಿನ ಓಣಿಗಳಲ್ಲಿ ಬೇರೆಬೇರೆ ಭಾಷೆಗಳಲ್ಲಿ ಜಪಸರ ಹೇಳುತ್ತಿದ್ದವರು ಒಂದೇ ಬಲಿಪೀಠದ ಮುಂದೆ ಮೊಣಕಾಲೂರಿದರು. ಅವರ ಮೊಮ್ಮಕ್ಕಳು ಇಂದು ತಮ್ಮ ಹಿರಿಯರು ಯಾವ ಊರಿನವರು, ಯಾವ ಹಾದಿಯಾಗಿ ಬಂದರು, ಅವರ ಹೆಸರು ಎಲ್ಲಿ ಬರೆದಿದೆ ಎಂದು ಕೇಳುತ್ತಿದ್ದಾರೆ.

ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಪ್ರಶ್ನೆಗೆ ಉತ್ತರವಾಗಿ ನಾವು ಒಬ್ಬ ಮಹಾನುಭಾವರ ಜೀವನವನ್ನು ಓದುಗರ ಮುಂದಿಡಬಯಸುತ್ತೇವೆ. ಅವರೇ ಸಂತ ಜೋಸೆಫ್ ವಾಜ್. ಗೋವೆಯಲ್ಲಿ ಹುಟ್ಟಿ, ಕೆನರಾದಲ್ಲಿ ದುಡಿದು, ಸಿಂಹಳದಲ್ಲಿ ಪ್ರಾಣಬಿಟ್ಟ ಈ ಗುರುಗಳು ತಮ್ಮ ಬಾಳನ್ನೆಲ್ಲ ವಲಸೆ ಬಂದವರ ನಡುವೆ, ವಲಸಿಗರಾಗಿಯೇ ಕಳೆದರು. ನಮ್ಮಲ್ಲಿ ಅನೇಕರ ಪೂರ್ವಿಕರು ನಡೆದ ಹಾದಿಯನ್ನೇ ಅವರೂ ತುಳಿದರು. ಅವರು ಕಡಲು ದಾಟಿದ್ದು ಮಾತ್ರ ತಮ್ಮ ಗುರುತನ್ನು ಮರೆಮಾಚಿ, ಅನಾಮಧೇಯರಾಗಿ.

ಜನನ ಮತ್ತು ಮನೆತನ

ಜೋಸೆಫ್ ವಾಜ್‌ರವರು 1651ನೇ ಇಸವಿ ಏಪ್ರಿಲ್ 21ರಂದು ಗೋವೆಯ ಸಾಷ್ಟಿ ಪ್ರಾಂತದ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಸಾಂಕ್ವಾಳದ ಕ್ರಿಸ್ತೋವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಹುಟ್ಟಿದ ಎಂಟನೆಯ ದಿನ ಬೆನಾವ್ಲಿಯ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ಯೇಸುಸಭೆಯ ಗುರು ಜಸಿಂತೊ ಪೆರೇರಾರವರು ಶಿಶುವಿಗೆ ಜ್ಞಾನಸ್ನಾನ ನೀಡಿದರು. ಮೂರೂವರೆ ಶತಮಾನಗಳು ಕಳೆದರೂ ಆ ಮಗುವಿನ ತಲೆಗೆ ನೀರೆರೆದ ಗುರುವಿನ ಹೆಸರು ನಮಗೆ ಉಳಿದುಬಂದಿರುವುದನ್ನು ಓದುಗರು ಗಮನಿಸಬೇಕು.

ವಾಜ್ ಎಂಬುದು ಪೋರ್ಚುಗೀಸರ ಹೆಸರು. ಆದರೆ ಮನೆತನ ಮಾತ್ರ ಇಲ್ಲಿಯದೇ, ಸಾಂಕ್ವಾಳದ ನಾಯಕ್ ಕುಟುಂಬ. ಹದಿನಾರನೆಯ ಶತಮಾನದಲ್ಲಿ ಗೋವೆಯ ಜನರು ಕ್ರೈಸ್ತಧರ್ಮವನ್ನು ಸ್ವೀಕರಿಸಿದಾಗ ಜ್ಞಾನಸ್ನಾನ ಕೊಟ್ಟ ಗುರುವಿನ ಅಥವಾ ಜ್ಞಾನತಂದೆಯ ಅಡ್ಡಹೆಸರನ್ನೇ ಹೊಸ ಕುಟುಂಬಕ್ಕೆ ಇಡುವುದು ವಾಡಿಕೆಯಾಗಿತ್ತು. ಹೀಗಾಗಿ ರಕ್ತಸಂಬಂಧವೇ ಇಲ್ಲದ ನೂರಾರು ಮನೆಗಳಿಗೆ ಒಂದೇ ಅಡ್ಡಹೆಸರು ಬಂದಿತು. ಒಂದೇ ಮನೆತನದ ಕವಲುಗಳಿಗೆ ಬೇರೆಬೇರೆ ಅಡ್ಡಹೆಸರುಗಳೂ ಬಂದದ್ದುಂಟು. ನಮ್ಮಲ್ಲಿ ಪಿಂಟೊ, ಡಿಸೋಜ, ಲೋಬೊ, ವಾಜ್ ಎಂಬ ಹೆಸರು ಹೊತ್ತವರು ಬರಿಯ ಅಡ್ಡಹೆಸರನ್ನು ಹಿಡಿದು ಬಂಧುಗಳನ್ನು ಹುಡುಕಹೊರಟರೆ ದಾರಿ ತಪ್ಪುವುದು ಇದರಿಂದಲೇ. ಕರಾವಳಿಯ ಕೆಲವು ಕುಟುಂಬಗಳು ಪ್ರಭು, ಕಾಮತ್, ನಾಯಕ್, ಶೆಣೈ, ಪೈ ಎಂಬ ಹಳೆಯ ಮನೆತನದ ಹೆಸರನ್ನು ಇಂದಿಗೂ ನೆನಪಿನಲ್ಲಿ ಇಟ್ಟುಕೊಂಡಿವೆ.

ಬಾಲಕ ಜೋಸೆಫ್ ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬೆನಾವ್ಲಿಯಲ್ಲಿ ಲತೀನನ್ನೂ ಕಲಿತು, ಗೋವಾ ನಗರದ ಸಂತ ಪೌಲರ ಕಾಲೇಜಿನಲ್ಲಿ ಮುಂದಿನ ವ್ಯಾಸಂಗ ಮಾಡಿದರು. ದೊಮಿನಿಕನ್ ಸಭೆಯವರು ನಡೆಸುತ್ತಿದ್ದ ಸಂತ ತೋಮಸ್ ಅಕ್ವಿನಾಸರ ವಿದ್ಯಾಲಯದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಅಭ್ಯಸಿಸಿ, 1676ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಅಂತೋನಿಯೊ ಬ್ರಾಂದಾಂವ್‌ರವರಿಂದ ಯಾಜಕದೀಕ್ಷೆ ಪಡೆದರು. ಗುರುವಾದ ಬಳಿಕ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಪ್ರಬೋಧಕರೆಂದೂ ಪಾಪನಿವೇದನೆ ಕೇಳುವ ತಾಳ್ಮೆಯುಳ್ಳ ಗುರುಗಳೆಂದೂ ಅವರ ಕೀರ್ತಿ ಬೇಗನೆ ಹಬ್ಬಿತು. ಸಾಂಕ್ವಾಳದಲ್ಲಿ ಅವರು ಒಂದು ಲತೀನ್ ಶಾಲೆಯನ್ನೂ ತೆರೆದರು.

1677ನೇ ಇಸವಿ ಆಗಸ್ಟ್ 5ರಂದು ಅವರು ಒಂದು ಪತ್ರವನ್ನು ಬರೆದರು. ಅದು ಮಾತೆ ಮರಿಯಮ್ಮನವರಿಗೆ ತಮ್ಮನ್ನು ಶಾಶ್ವತ ದಾಸನನ್ನಾಗಿ ಒಪ್ಪಿಸಿಕೊಟ್ಟ ದಾಸ್ಯಪತ್ರ. ಜಮೀನು ಮಾರುವವರು ಕ್ರಯಪತ್ರ ಬರೆದುಕೊಡುವಂತೆ ತಮ್ಮನ್ನೇ ಬರೆದುಕೊಟ್ಟ ಈ ಗುರುಗಳಿಗೆ ಆಗ ವಯಸ್ಸು ಇಪ್ಪತ್ತಾರು.

ಕೆನರಾಕ್ಕೆ ಬಂದ ವಲಸಿಗರು

ಗೋವೆಯಿಂದ ಕ್ರೈಸ್ತರು ದಕ್ಷಿಣಕ್ಕೆ ಏಕೆ ಬಂದರೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಹದಿನಾರನೆಯ ಶತಮಾನದಲ್ಲಿ ಆರಂಭವಾದ ಈ ವಲಸೆ ಹದಿನೆಂಟನೆಯ ಶತಮಾನದ ನಡುವಿನವರೆಗೂ ಅಲೆಅಲೆಯಾಗಿ ನಡೆಯಿತು. ಕ್ಷಾಮ, ಸಾಂಕ್ರಾಮಿಕ ರೋಗ, ತೆರಿಗೆಯ ಭಾರ, 1560ರಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯದ ಕಠೋರತೆ, ಯುದ್ಧಗಳು, ಇವೆಲ್ಲವೂ ಜನರನ್ನು ಊರು ಬಿಡಿಸಿದವು. 1683ರಲ್ಲಿ ಸಂಭಾಜಿಯ ಸೈನ್ಯ ಸಾಷ್ಟಿ, ಬಾರ್ದೇಶಗಳಿಗೆ ನುಗ್ಗಿತು. 1737ರಿಂದ 1740ರವರೆಗೆ ಮರಾಠರ ದಾಳಿ ಮತ್ತೊಮ್ಮೆ ನಡೆಯಿತು. ಜನರು ಕಾಲುನಡಿಗೆಯಿಂದಲೂ, ಕರಾವಳಿಯಗುಂಟ ಸಾಗುವ ಮಂಜಿ, ಮಚ್ವೆ, ಪತ್ತೇಮಾರಿಗಳಲ್ಲಿಯೂ ಕಾರವಾರದಿಂದ ಮಂಗಳೂರಿನವರೆಗೆ ಬಂದು ನೆಲೆನಿಂತರು. ಆ ದೋಣಿಗಳಲ್ಲಿ ಅಕ್ಕಿಯ ಮೂಟೆಗಳ ಲೆಕ್ಕ ಇದ್ದೀತು. ಪ್ರಯಾಣಿಕರ ಹೆಸರುಗಳ ಪಟ್ಟಿ ನಮ್ಮ ಕೈಗೆ ಬಂದಿಲ್ಲ.

ಆಗ ಈ ಕರಾವಳಿ ಕೆಳದಿಯ ನಾಯಕರ ಆಳ್ವಿಕೆಯಲ್ಲಿತ್ತು. ಕೆಳದಿ ಇರುವುದು ಇಂದಿನ ಸಾಗರ ತಾಲ್ಲೂಕಿನಲ್ಲಿ; ಅವರ ರಾಜಧಾನಿಯಾಗಿದ್ದ ಬಿದನೂರು ಹೊಸನಗರ ತಾಲ್ಲೂಕಿನ ಇಂದಿನ ನಗರ. ಎರಡೂ ನಮ್ಮ ಶಿವಮೊಗ್ಗ ಜಿಲ್ಲೆಯವೇ. ಗೋವೆಯ ಪೋರ್ಚುಗೀಸರು ಅನ್ನಕ್ಕಾಗಿ ಕೆನರಾದ ಅಕ್ಕಿಯನ್ನು ನಂಬಿಕೊಂಡಿದ್ದರು. ಕೆಳದಿಯ ಅರಸರಿಗೆ ಆ ವ್ಯಾಪಾರದಿಂದ ಲಾಭವಿತ್ತು. ವ್ಯವಸಾಯ ಬಲ್ಲ ಹೊಸಬರು ಬಂದು ಗದ್ದೆ ಮಾಡಿದರೆ ರಾಜ್ಯಕ್ಕೂ ಒಳಿತಾಗುತ್ತಿತ್ತು. ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಕರಾವಳಿಯ ಕೆಲವೆಡೆ ಚರ್ಚು ಕಟ್ಟಲು ಅನುಮತಿಯೂ ದೊರೆಯಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಪ್ರಸಿದ್ಧಳಾದ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲದಲ್ಲಿಯೇ ಜೋಸೆಫ್ ವಾಜ್‌ರವರು ಈ ನಾಡಿಗೆ ಕಾಲಿಟ್ಟರು.

ಕೆನರಾದಲ್ಲಿ ಮೂರು ವರ್ಷ

1681ರಲ್ಲಿ ಗೋವೆಯ ಪ್ರಧಾನಾಲಯದ ಗುರುಮಂಡಲಿಯು ಅವರನ್ನು ಕೆನರಾ ಮಿಷನಿನ ಮುಖ್ಯಸ್ಥರನ್ನಾಗಿ ನೇಮಿಸಿ ಕಳುಹಿಸಿತು. ಇಲ್ಲಿಯ ಪರಿಸ್ಥಿತಿ ಸುಖಕರವಾಗಿರಲಿಲ್ಲ. ಪೋರ್ಚುಗಲ್ಲಿನ ರಾಜರಿಗೆ ಪೋಪರು ಕೊಟ್ಟಿದ್ದ ಪದ್ರುವಾದೋ ಹಕ್ಕಿನಂತೆ ಗೋವೆಯವರು ಕೆನರಾ ತಮ್ಮ ಅಧಿಕಾರಕ್ಕೆ ಸೇರಿದ್ದೆಂದು ಹೇಳುತ್ತಿದ್ದರು. ರೋಮಾಪುರಿಯ ಧರ್ಮಪ್ರಸಾರ ಸಭೆಯು ಗೋವೆಯವರೇ ಆದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊರವರನ್ನು ನೇರವಾಗಿ ನೇಮಿಸಿ ಕಳುಹಿಸಿತ್ತು. ಮಂಗಳೂರಿನ ಮಿಲಾಗ್ರಿಸ್ ದೇವಾಲಯವನ್ನು 1680ರಲ್ಲಿ ಕಟ್ಟಿಸಿದವರು ಇವರೇ. ಇಬ್ಬರ ನಡುವಿನ ಈ ವಾದದಲ್ಲಿ ಜನಸಾಮಾನ್ಯರು ಯಾರ ಕೈಯಿಂದ ಸಂಸ್ಕಾರಗಳನ್ನು ಪಡೆಯಬೇಕೆಂದು ತಿಳಿಯದೆ ಕಳವಳಗೊಂಡಿದ್ದರು. ವಲಸೆ ಬಂದ ಜನರಿಗೆ ಊರು ಹೊಸದು, ಭಾಷೆ ಹೊಸದು. ಆಸರೆಯಾಗಬೇಕಾದ ಧರ್ಮಸಭೆಯಲ್ಲೂ ಒಡಕು.

ಜೋಸೆಫ್ ವಾಜ್‌ರವರು ಗೋವೆಯ ಅಧಿಕಾರಿಗಳಿಗೆ ವಿಧೇಯರಾಗಿದ್ದುಕೊಂಡೇ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡರು. ವಾದವನ್ನು ಬೆಳೆಸುವುದಕ್ಕಿಂತ ಸೌಮ್ಯವಾಗಿ ಮಾತನಾಡಿ ಸಮಾಧಾನದ ದಾರಿ ಹುಡುಕಿದರು. ಅದಕ್ಕಿಂತ ಹೆಚ್ಚಾಗಿ ಅವರು ನಡೆದರು. ಕುಂದಾಪುರ, ಬಸರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು ಎಂದು ಕರಾವಳಿಯುದ್ದಕ್ಕೂ ಬರಿಗಾಲಿನಲ್ಲಿ ಸಂಚರಿಸಿದರು. ಚದರಿಹೋಗಿದ್ದ ಕುಟುಂಬಗಳನ್ನು ಹುಡುಕಿ, ಬಲಿಪೂಜೆಯನ್ನು ಅರ್ಪಿಸಿ, ಪಾಪನಿವೇದನೆ ಕೇಳಿ, ರೋಗಿಗಳನ್ನು ಸಂದರ್ಶಿಸಿದರು. ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಗುರುವಿಲ್ಲದ ದಿನಗಳಲ್ಲೂ ಜನ ಕೂಡಿ ಪ್ರಾರ್ಥಿಸುವಂತೆ ಭಕ್ತಿಸಂಘಗಳನ್ನು ಕಟ್ಟಿದರು. ಮಂಗಳೂರಿನ ಸಮೀಪದ ಮುಡಿಪಿನ ಗುಡ್ಡದಲ್ಲಿ ಅವರು ಕೋಲೂರಿದೆಡೆ ಮೂರು ಚಿಲುಮೆಗಳು ಉಕ್ಕಿದವೆಂಬ ಕಥೆ ತಲೆಮಾರುಗಳಿಂದ ಬಂದಿದೆ. ಇಂದು ಅಲ್ಲಿ ಅವರ ಪುಣ್ಯಕ್ಷೇತ್ರವಿದ್ದು ಎಲ್ಲ ಧರ್ಮಗಳ ಜನ ಬಂದು ಹೋಗುತ್ತಾರೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಮೂರೇ ವರ್ಷಗಳ ಸೇವೆಯಾದರೂ ಕರಾವಳಿಯ ಜನ ಅವರನ್ನು ಮರೆಯಲಿಲ್ಲ. ಕೆನರಾದ ಪ್ರೇಷಿತರೆಂದು ಇಂದಿಗೂ ಸ್ಮರಿಸುತ್ತಾರೆ.

ಹೆಸರಿಲ್ಲದ ಪ್ರಯಾಣಿಕ

ಸಿಂಹಳದ್ವೀಪದ ಸುದ್ದಿ ಅವರ ಮನಸ್ಸನ್ನು ಬಹಳ ಹಿಂದೆಯೇ ಹಿಡಿದಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡು, ಕಥೋಲಿಕ ಗುರುಗಳು ದ್ವೀಪದಲ್ಲಿ ಕಾಲಿಡದಂತೆ ನಿಷೇಧಿಸಿದ್ದರು. ಸಾವಿರಾರು ಕಥೋಲಿಕರು ಗುರುವಿಲ್ಲದೆ, ಬಲಿಪೂಜೆಯಿಲ್ಲದೆ ಮೂರು ದಶಕಗಳನ್ನು ಕಳೆದಿದ್ದರು.

ಗೋವೆಗೆ ಮರಳಿದ ಜೋಸೆಫ್ ವಾಜ್‌ರವರು 1685ನೇ ಸೆಪ್ಟೆಂಬರ್ 25ರಂದು ಹಳೆ ಗೋವೆಯ ಅದ್ಭುತಗಳ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಒಟ್ಟಾಗಿ ಬಾಳುತ್ತಿದ್ದ ಗೋವೆಯ ಗುರುಗಳ ಬಳಗವನ್ನು ಸೇರಿ, ಅದರ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ನಿಯಮಗಳನ್ನು ಅನುಸರಿಸಿದ ಈ ಬಳಗವೇ ಗೋವೆಯ ಓರೇಟರಿ ಸಭೆಯಾಯಿತು. ದೇಶೀಯ ಗುರುಗಳಿಂದಲೇ ಕೂಡಿದ ಸಭೆಯೊಂದು ಹೀಗೆ ನಮ್ಮ ನಾಡಿನಲ್ಲಿ ಮೊದಲ ಬಾರಿಗೆ ಹುಟ್ಟಿಕೊಂಡಿತು. ಅದನ್ನು ಭದ್ರಪಡಿಸಿ, ಮರುವರ್ಷವೇ ಮುಖ್ಯಸ್ಥರ ಪದವಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಕೆಲವು ಸಂಗಡಿಗರೊಡನೆ ಅವರು ಸಿಂಹಳಕ್ಕೆ ಹೊರಟರು.

ದಾರಿ ಮತ್ತೆ ಕೆನರಾದ ಮೂಲಕವೇ. ಅಲ್ಲಿಂದ ಮಲಬಾರಿನ ಕರಾವಳಿಯಗುಂಟ ತಲಚೇರಿ, ಕೊಲ್ಲಂಗಳನ್ನು ಹಾದು ಪೂರ್ವ ತೀರದ ತೂತ್ತುಕ್ಕುಡಿಗೆ ಬಂದರು. ಆ ರೇವು ಡಚ್ಚರ ಹಿಡಿತದಲ್ಲಿತ್ತು. ಗುರುವೆಂದು ಗುರುತು ಸಿಕ್ಕಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ಆದುದರಿಂದ ಅವರು ಗುರುವಸ್ತ್ರವನ್ನು ತೆಗೆದಿಟ್ಟು, ಹರಕು ಬಟ್ಟೆಯುಟ್ಟು, ಭಿಕ್ಷುಕ ಕೂಲಿಯ ವೇಷದಲ್ಲಿ, ಜೋವಾಂವ್ ಎಂಬ ನಿಷ್ಠಾವಂತ ಸೇವಕನೊಡನೆ 1687ರಲ್ಲಿ ದೋಣಿ ಹತ್ತಿದರು. ಸಾಂಕ್ವಾಳದ ಪ್ರತಿಷ್ಠಿತ ಮನೆತನದ ಮಗ, ಲತೀನ್ ಪಂಡಿತ, ಒಂದು ಧಾರ್ಮಿಕ ಸಭೆಯ ಮಾಜಿ ಮುಖ್ಯಸ್ಥ ಹೆಸರಿಲ್ಲದ ಬಡಪಾಯಿಯಾಗಿ ಕಡಲು ದಾಟಿದರು. ಬಿರುಗಾಳಿ ಮತ್ತು ಹಸಿವುಗಳ ನಡುವೆ ಜಾಫ್ನಾ ತಲುಪುವಷ್ಟರಲ್ಲಿ ಅವರು ತೀವ್ರವಾದ ಆಮಶಂಕೆಗೆ ತುತ್ತಾಗಿದ್ದರು. ಬೀದಿಯ ಪಾಲಾಗಿದ್ದ ಅವರನ್ನು ದಯಾವಂತಳಾದ ಒಬ್ಬ ಸ್ತ್ರೀ ಗಂಜಿ ಕೊಟ್ಟು ಉಳಿಸಿದಳೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಆ ತಾಯಿಯ ಹೆಸರೂ ನಮಗೆ ತಿಳಿಯದು.

ಡಚ್ಚರಾದರೋ ಲೆಕ್ಕ ಬರೆಯುವುದರಲ್ಲಿ ನಿಪುಣರು. ತಮ್ಮ ಆಡಳಿತದ ಭಾಗಗಳಲ್ಲಿ ಮನೆ, ಜಮೀನು, ಕುಟುಂಬ, ಜ್ಞಾನಸ್ನಾನ, ವಿವಾಹಗಳನ್ನೆಲ್ಲ ತೊಂಬೊ ಎಂಬ ಪುಸ್ತಕಗಳಲ್ಲಿ ಅವರು ದಾಖಲಿಸುತ್ತಿದ್ದರು. ಶ್ರೀಲಂಕಾದ ಜನ ತಮ್ಮ ಪೂರ್ವಿಕರನ್ನು ಹುಡುಕುವಾಗ ಇಂದಿಗೂ ಆ ಪುಸ್ತಕಗಳನ್ನು ತೆರೆಸುತ್ತಾರೆ. ಹೀಗೆ ಪ್ರತಿಯೊಬ್ಬನನ್ನೂ ಬರೆದಿಡುತ್ತಿದ್ದ ಆಡಳಿತದ ಕಣ್ಣೆದುರಿನಲ್ಲಿಯೇ ಜೋಸೆಫ್ ವಾಜ್‌ರವರು ಯಾವ ಪುಸ್ತಕಕ್ಕೂ ಸಿಗದೆ ಮನೆಯಿಂದ ಮನೆಗೆ ನಡೆದರು.

ಜಾಫ್ನಾದಿಂದ ಕ್ಯಾಂಡಿಗೆ

ಗುಪ್ತವಾಗಿರುವ ಕಥೋಲಿಕರನ್ನು ಪತ್ತೆಹಚ್ಚುವುದು ಹೇಗೆ? ಅವರು ಜಪಸರವನ್ನು ಕೊರಳಿಗೆ ಹಾಕಿಕೊಂಡು ಭಿಕ್ಷೆಗೆ ಹೊರಟರು. ಅದನ್ನು ನೋಡಿ ಯಾರ ಮುಖ ಅರಳುವುದೋ, ಯಾರ ಕಣ್ಣಿನಲ್ಲಿ ನೀರಾಡುವುದೋ ಎಂದು ಗಮನಿಸಿದರು. ಹೀಗೆ ಒಂದು ಮನೆಯಿಂದ ಆರಂಭವಾಗಿ, ಬಲವಾದ ಕಥೋಲಿಕ ನೆಲೆಯಾಗಿದ್ದ ಸಿಲ್ಲಾಲೈ ಎಂಬ ಗ್ರಾಮದಲ್ಲಿ ನೆಲೆಸಿ, ರಾತ್ರಿಯ ವೇಳೆ ಹಳ್ಳಿಹಳ್ಳಿಗೆ ನಡೆದು ಸಂಸ್ಕಾರಗಳನ್ನು ನೀಡತೊಡಗಿದರು. 1689ರ ಕ್ರಿಸ್ತಜಯಂತಿಯ ಹೊತ್ತಿಗೆ ಡಚ್ಚರು ದಾಳಿಯಿಟ್ಟು ನೂರಾರು ಕಥೋಲಿಕರನ್ನು ಬಂಧಿಸಿದರು. ಗುರುಗಳು ಮಾತ್ರ ಕೈಗೆ ಸಿಗಲಿಲ್ಲ. ತಮ್ಮ ಗುರುವನ್ನು ಹಿಡಿದುಕೊಡದೆ ಸೆರೆಯನ್ನೂ ಹೊಡೆತವನ್ನೂ ಸಹಿಸಿದ ಆ ಭಕ್ತರ ಸ್ಥೈರ್ಯವನ್ನು ನಾವು ನೆನೆಯಬೇಕು.

ಅಲ್ಲಿಂದ ಪುತ್ತಲಮ್‌ಗೆ ತೆರಳಿ, 1692ರಲ್ಲಿ ಸ್ವತಂತ್ರವಾಗಿದ್ದ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಅವರನ್ನು ಪೋರ್ಚುಗೀಸರ ಗೂಢಚಾರರೆಂದು ಆರೋಪಿಸಿ ಸೆರೆಯಲ್ಲಿಡಲಾಯಿತು. ಸೆರೆಮನೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಂತೆ ಗುಡಿಸಲಿನಂತಹ ಪ್ರಾರ್ಥನಾಲಯವೊಂದನ್ನು ಕಟ್ಟಿ, ಭಕ್ತರನ್ನು ಕೂಡಿಸಿ ಬಲಿಪೂಜೆ ಅರ್ಪಿಸಿದರು. ಅದೇ ಕಾಲದಲ್ಲಿ ಭೀಕರ ಅನಾವೃಷ್ಟಿಯುಂಟಾಯಿತು. ಗುರುಗಳು ಚೌಕದಲ್ಲಿ ಪೀಠವನ್ನು ನಿರ್ಮಿಸಿ ಶಿಲುಬೆಯನ್ನಿಟ್ಟು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ ಪೀಠವೂ ಅವರೂ ನೆನೆಯದೆ ಉಳಿದರೆಂದೂ ಪರಂಪರೆ ಹೇಳುತ್ತದೆ. ಬೌದ್ಧಧರ್ಮೀಯನಾದ ರಾಜ ಎರಡನೆಯ ವಿಮಲಧರ್ಮಸೂರಿಯನು ಅವರಿಗೆ ಸ್ವಾತಂತ್ರ್ಯವನ್ನೂ ರಕ್ಷಣೆಯನ್ನೂ ಕೊಟ್ಟನು. ಒಂದೆಡೆ ಕ್ರೈಸ್ತ ಡಚ್ಚರು ಅಟ್ಟಿದ ಕ್ರೈಸ್ತ ಗುರುವಿಗೆ ಇನ್ನೊಂದೆಡೆ ಬೌದ್ಧ ಅರಸನು ಆಶ್ರಯ ಕೊಟ್ಟ ಈ ಸಂಗತಿ, ಕೆಳದಿಯ ನಾಡಿನಲ್ಲಿ ಆಶ್ರಯ ಪಡೆದವರ ಸಂತತಿಯಾದ ನಮ್ಮ ಮನಸ್ಸಿನಲ್ಲಿ ನಿಲ್ಲಬೇಕಾದುದು.

ತರುವಾಯ ಗೋವೆಯಿಂದ ಓರೇಟರಿಯ ಇತರ ಗುರುಗಳು ಬಂದು ಸೇರಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ರಾಜನೂ ಉಳ್ಳವರೂ ಊರು ಬಿಟ್ಟರು. ಬಡ ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಬರಲಾಯಿತು. ಜೋಸೆಫ್ ವಾಜ್‌ರವರು ಸಹಗುರು ಜೋಸೆಫ್ ಕಾರ್ವಾಲ್ಯೊರವರೊಡನೆ ಊರಿನಲ್ಲಿಯೇ ಉಳಿದು, ಜಾತಿಮತಗಳನ್ನು ಎಣಿಸದೆ ರೋಗಿಗಳ ಹುಣ್ಣು ತೊಳೆದರು, ಅನ್ನ ಉಣಿಸಿದರು, ಸತ್ತವರನ್ನು ಹೂಳಿದರು. 1705ರಲ್ಲಿ ಬಂದ ಗುರು ಜಾಕೊಮೆ ಗೊನ್ಸಾಲ್ವಿಸ್‌ರವರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಧಾರ್ಮಿಕ ಗ್ರಂಥಗಳನ್ನು ರಚಿಸಿ, ನೆಲದ ನುಡಿಯಲ್ಲಿಯೇ ಜನರ ಭಕ್ತಿ ಬೆಳೆಯುವಂತೆ ಮಾಡಿದರು. ಉನ್ನತ ಪದವಿಯನ್ನು ಕೊಡುವ ಮಾತು ಬಂದಾಗ ಜೋಸೆಫ್ ವಾಜ್‌ರವರು ಅದನ್ನು ಒಪ್ಪಲಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಎಡೆಬಿಡದ ನಡಿಗೆಯಿಂದ ಜರ್ಜರಿತರಾಗಿ, 1711ನೇ ಜನವರಿ 16ರಂದು ಕ್ಯಾಂಡಿಯಲ್ಲಿ ದೇವರಡಿ ಸೇರಿದರು. ಹೊರಟ ಮೇಲೆ ಅವರು ಹುಟ್ಟಿದ ನೆಲಕ್ಕೆ ಮರಳಲಿಲ್ಲ.

ನೆನಪು ಉಳಿದ ಬಗೆ

ಅವರ ಸಮಾಧಿ ಎಲ್ಲಿತ್ತೆಂಬುದು ಕಾಲಕ್ರಮದಲ್ಲಿ ಅಳಿಸಿಹೋಯಿತು. ಹಾಗಿದ್ದರೂ ಅವರ ಬಾಳನ್ನು ನಾವು ಇಷ್ಟು ವಿವರವಾಗಿ ಬಲ್ಲೆವೆಂದರೆ ಅದಕ್ಕೆ ಕಾರಣ ಕಾಗದಗಳು. ಜ್ಞಾನಸ್ನಾನದ ಮತ್ತು ಯಾಜಕದೀಕ್ಷೆಯ ವಿವರಗಳು ಉಳಿದವು, ದಾಸ್ಯಪತ್ರ ಉಳಿಯಿತು, ಸಿಂಹಳದಿಂದ ಅವರೂ ಅವರ ಸಂಗಡಿಗರೂ ಗೋವೆಯ ಮನೆಗೆ ಬರೆದ ಓಲೆಗಳು ಉಳಿದವು. ಇಂತಹ ಆಧಾರಗಳಿಂದ ಓರೇಟರಿಯ ಗುರು ಸೆಬಾಸ್ತಿಯಾಂವ್ ದೊ ರೇಗೊರವರು ಅವರ ಜೀವನಚರಿತ್ರೆಯನ್ನು ಬರೆದರು. 1745ರಲ್ಲಿ ಅದು ಲಿಸ್ಬನ್ನಿನಲ್ಲಿ ಅಚ್ಚಾಯಿತು. ಸಂತ ಪದವಿಗಾಗಿ ವಿಚಾರಣೆಯು 1713ರಲ್ಲಿಯೇ ಆರಂಭವಾಗಿದ್ದರೂ ಅದು ಕೊನೆಮುಟ್ಟಲು ಮೂರು ಶತಮಾನಗಳು ಹಿಡಿದವು. 1995ನೇ ಜನವರಿ 21ರಂದು ಕೊಲಂಬೊದಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದು ಘೋಷಿಸಿದರು. 2015ನೇ ಜನವರಿ 14ರಂದು ಅದೇ ನಗರದಲ್ಲಿ ಪೋಪ್ ಫ್ರಾನ್ಸಿಸರು ಸಂತರ ಸಾಲಿಗೆ ಸೇರಿಸಿದರು. ಕಡಲು ದಾಟುವಾಗ ಅಡಗಿಸಿದ ಹೆಸರು ಹೀಗೆ ಲೋಕದ ಬಲಿಪೀಠಗಳಲ್ಲೆಲ್ಲ ಉಚ್ಚರಿಸಲ್ಪಡುವಂತಾಯಿತು.

ನಮ್ಮ ಹಿರಿಯರ ಹೆಸರುಗಳು

ಈ ಚರಿತ್ರೆಯಿಂದ ನಮ್ಮ ಪ್ರಶ್ನೆಗೂ ಉತ್ತರ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ರೇವಿನಿಂದ ಕರಾರಿನ ಕೂಲಿಗಳಾಗಿ ಮಾರಿಷಸ್, ನೇಟಾಲ್‌ಗಳಿಗೆ ಹೋದವರಿಗೆ ಸರಕಾರವು ವಲಸೆಯ ಚೀಟಿ ಕೊಡುತ್ತಿತ್ತು. ಅದರಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಮೈಮೇಲಿನ ಗುರುತು ಇರುತ್ತಿದ್ದವು. ಮಾರಿಷಸ್ಸಿನಲ್ಲಿ ಅಂತಹ ದಾಖಲೆಗಳನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ಸಿಂಹಳದ ತೋಟಗಳಿಗೆ ಹೋದ ತಮಿಳು ಕೂಲಿಗಳ ಕೊರಳಿಗೆ ತೋಟದ ಸಂಖ್ಯೆಯುಳ್ಳ ತಗಡಿನ ಬಿಲ್ಲೆ ಕಟ್ಟುತ್ತಿದ್ದ ಕಾಲವೂ ಇತ್ತು. ಮನುಷ್ಯನನ್ನು ಮೂಟೆಯಂತೆ ಎಣಿಸಿದ ಆ ಬಿಲ್ಲೆ ನಮ್ಮ ಮನಸ್ಸನ್ನು ನೋಯಿಸುತ್ತದೆ. ಆದರೆ ಗೋವೆಯಿಂದ ದೋಣಿಯಲ್ಲಿ ಬಂದವರಿಗೂ, ಘಟ್ಟ ಹತ್ತಿ ಗಾಡಿಯಲ್ಲಿ ಬಂದವರಿಗೂ, ರೈಲಿನಲ್ಲಿ ಬಂದು ಭದ್ರಾವತಿಯಲ್ಲಿ ಇಳಿದವರಿಗೂ ಅಂತಹ ಚೀಟಿಯೂ ಇರಲಿಲ್ಲ. ಅವರ ಹೆಸರನ್ನು ಬರೆದಿಟ್ಟದ್ದು ಧರ್ಮಸಭೆ.

ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಧರ್ಮಕೇಂದ್ರದ ಕುಟುಂಬಗಳ ಸ್ಥಿತಿ ಎಂಬ ಐದು ಪುಸ್ತಕಗಳನ್ನು ಇಡುವ ಕ್ರಮವನ್ನು ಹೇಳಿತು. 1908ರಿಂದ ಜಾರಿಗೆ ಬಂದ ನಿಯಮದಂತೆ, ಒಬ್ಬರು ಎಲ್ಲಿಯೇ ಮದುವೆಯಾದರೂ ಆ ಸುದ್ದಿಯನ್ನು ಅವರಿಗೆ ಜ್ಞಾನಸ್ನಾನವಾದ ದೇವಾಲಯಕ್ಕೆ ತಿಳಿಸಿ, ಅಲ್ಲಿಯ ಪುಸ್ತಕದ ಅಂಚಿನಲ್ಲಿ ಬರೆಯಿಸಬೇಕು. ಆದುದರಿಂದ ಇಲ್ಲಿ ಮದುವೆಯಾದ ನಮ್ಮ ಅಜ್ಜ ಅಜ್ಜಿಯರ ವಿವಾಹದ ದಾ‌ಖಲೆಯನ್ನು ಮೊದಲು ನೋಡಬೇಕು. ಅದು ಅವರ ಜ್ಞಾನಸ್ನಾನದ ದೇವಾಲಯವನ್ನು ತೋರಿಸುತ್ತದೆ. ಆ ದೇವಾಲಯದ ಪುಸ್ತಕ ಮುತ್ತಾತ, ಮುತ್ತಜ್ಜಿಯರ ಹೆಸರನ್ನೂ ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನೂ ಕೊಡುತ್ತದೆ. ಹಲವು ಮನೆಗಳಲ್ಲಿ ಜ್ಞಾನತಂದೆತಾಯಿಯರು ಅಜ್ಜ ಅಜ್ಜಿಯರೋ ಸೋದರಮಾವಂದಿರೋ ಆಗಿರುವುದರಿಂದ ಅಲ್ಲಿಯೂ ಒಂದು ಎಳೆ ಸಿಗುತ್ತದೆ. ಹಳೆಯ ಪುಸ್ತಕಗಳು ಲತೀನಿನಲ್ಲಿರುವುದರಿಂದ ಮನೆಯಲ್ಲಿ ಜುವಾಂವ್, ಜಾನ್, ಅರುಳಪ್ಪ ಎಂದು ಕರೆಸಿಕೊಂಡವರೆಲ್ಲ ಅಲ್ಲಿ ಯೊವಾನ್ನೆಸ್ ಆಗಿರಬಹುದು. ಹೆಸರಿನ ಜೊತೆಗೆ ಮನೆಯ ಹೆಸರು, ಊರು, ತಾಯಿಯ ಹೆಸರುಗಳನ್ನು ಹೋಲಿಸಿ ನೋಡಬೇಕು.

ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯವು ರಚನೆಯಾದದ್ದು 1988ರಲ್ಲಿ. ಅದಕ್ಕೆ ಮೊದಲು, 1963ರಿಂದ, ನಾವು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದೆವು. ಅದಕ್ಕೂ ಹಿಂದೆ ಮೈಸೂರಿಗೆ. ಹಳೆಯ ಪತ್ರವ್ಯವಹಾರವನ್ನು ಹುಡುಕುವವರು ಈ ಕ್ರಮವನ್ನು ನೆನಪಿಡುವುದು ಒಳ್ಳೆಯದು. ಕರಾವಳಿಯ ಕುಟುಂಬಗಳ ಹುಡುಕಾಟ ಬಹುಮಟ್ಟಿಗೆ 1784ರಲ್ಲಿ ನಿಂತುಬಿಡುತ್ತದೆ. ಆ ವರ್ಷ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮಿಲಾಗ್ರಿಸ್ ಸಹಿತ ಅನೇಕ ದೇವಾಲಯಗಳು ನೆಲಸಮವಾದವು. ಅಳಿದುಳಿದವರು 1799ರ ನಂತರವೇ ಮರಳಿದ್ದು. ಜೋಸೆಫ್ ವಾಜ್‌ರವರು ಯಾರ ಮಕ್ಕಳಿಗೆ ನೀರೆರೆದರೋ, ಯಾರ ಮದುವೆಗಳನ್ನು ಆಶೀರ್ವದಿಸಿದರೋ, ಅವರೆಲ್ಲರ ಹೆಸರುಗಳು ನಮಗೆ ಸಿಗುವಂತಿಲ್ಲ. ಅವರು ಬಿತ್ತಿದ ವಿಶ್ವಾಸ ಮಾತ್ರ ಸೆರೆಮನೆಯನ್ನೂ ದಾಟಿ ಬಂದಿತು.

ಪೂರ್ವಿಕರ ಹುಡುಕಾಟವು ನಮ್ಮ ಮನೆತನ ಮೇಲು, ಅವರದು ಕೀಳು ಎಂಬ ಹೆಮ್ಮೆಗೆ ಎಡೆಮಾಡಿದರೆ ಅದರಿಂದ ಫಲವಿಲ್ಲ. ಉತ್ತಮ ಕುಲವನ್ನು ಹೇಳಿಕೊಳ್ಳಬಹುದಾಗಿದ್ದ ನಮ್ಮ ಸಂತರು ಕೂಲಿಯ ವೇಷ ತೊಟ್ಟು, ಹೆಸರು ತಿಳಿಯದ ತಾಯಿಯೊಬ್ಬಳ ಗಂಜಿಯಿಂದ ಬದುಕಿಕೊಂಡರು. ನಮ್ಮ ಹಿರಿಯರೂ ಹಾಗೆಯೇ ಯಾರದೋ ಜಗಲಿಯಲ್ಲಿ ಮಲಗಿ, ಯಾರೋ ಕೊಟ್ಟ ತುತ್ತು ಉಂಡು ಈ ಊರಿನವರಾದರು. ಅವರ ಹೆಸರುಗಳನ್ನು ತಿಳಿಯುವುದು ಆ ಋಣವನ್ನು ತಿಳಿಯುವುದಕ್ಕಾಗಿ. ಮನೆಯಲ್ಲಿ ವೃದ್ಧರಿರುವವರು ಈ ವರ್ಷವೇ ಅವರ ಬಳಿ ಕುಳಿತು, ಊರು, ಮನೆಯ ಹೆಸರು, ತಂದೆತಾಯಿಯರ ಹೆಸರು, ಬಂದ ದಾರಿ, ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ನಾವು ಪ್ರಾರ್ಥಿಸುತ್ತೇವೆ. ಹೊಸದಾಗಿ ನಮ್ಮ ಊರಿಗೆ ದುಡಿಯಲು ಬರುತ್ತಿರುವವರನ್ನು ಹೆಸರು ಹಿಡಿದು ಕರೆದು, ಅವರನ್ನೂ ನಮ್ಮವರೆಂದು ಬರೆದುಕೊಳ್ಳುವ ಮನಸ್ಸನ್ನು ಸಂತ ಜೋಸೆಫ್ ವಾಜ್‌ರವರು ನಮಗೆಲ್ಲರಿಗೂ ಬೇಡಿಕೊಡಲಿ.